ಘತ್ತರಗಿಗೆ ಕೊಡದ ಮುಡಿ

ನನ್ನ ಬಲಗಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ಒಂದು ಉಬ್ಬು ಇದೆ. ಅಲ್ಲಿಂದ ಒಂದು ಸಣ್ಣ ನಳಿಕೆ ಕುತ್ತಿಗೆಯಲ್ಲಿ ಇಳಿದು, ಎದೆಯ ಮೇಲೆ ಹಾದು, ಹೊಟ್ಟೆಯೊಳಗೆ ಹೋಗುತ್ತದೆ. ಮಿದುಳಿನಲ್ಲಿ ನಿಂತುಬಿಡುವ ನೀರನ್ನು ಅದು ಹೊಟ್ಟೆಗೆ ಹರಿಸುತ್ತದೆ. ಕಾಯಿಲೆಯ ಹೆಸರು ಹೈಡ್ರೋಸೆಫಲಸ್. ಈ ಬರಹ ಓದುವುದಕ್ಕೆ ಇಷ್ಟು ತಿಳಿದಿದ್ದರೆ ಸಾಕು.

ನಾನು ಆಳಂದದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಮಟಕಿಯಲ್ಲಿ. ಅಪ್ಪ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಅವ್ವ ನಮ್ಮ ಓಣಿಯ ಅಂಗನವಾಡಿ ಟೀಚರ್. ಕಾಯಿಲೆ ಶುರುವಾದಾಗ ನನಗೆ ಇಪ್ಪತ್ತಾರು. ಮೊದಲು ಬೆಳಿಗ್ಗೆ ಎದ್ದಕೂಡಲೇ ತಲೆನೋವು. ಆಮೇಲೆ ಹಸಿದ ಹೊಟ್ಟೆಯಲ್ಲೇ ವಾಂತಿ. ಆಮೇಲೆ ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ, ಇಡೀ ನೆಲವೇ ಒಂದು ಕಡೆ ವಾಲಿದಂತೆ. ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಒಂದನ್ನು ಹೇಳಲಿಲ್ಲ.

ಒಂದು ದಿನ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಿದ್ದೆ. ನನಗೆ ಗೊತ್ತಾಗುವ ಮೊದಲೇ ಸಲ್ವಾರ್ ಒದ್ದೆಯಾಗಿತ್ತು. ನಲವತ್ತು ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡು, ಕುಡಿಯುವವಳಂತೆ ಮುಚ್ಚಳ ತೆರೆದು, ಪೂರ್ತಿ ನನ್ನ ಮೇಲೆ ಚೆಲ್ಲಿಕೊಂಡೆ.

"ಅಯ್ಯೋ ಮೇಡಮ್ರಿ!" ಎಂದು ಮುಂದಿನ ಬೆಂಚಿನ ಹುಡುಗಿ ತನ್ನ ಕರವಸ್ತ್ರ ಕೊಟ್ಟಳು. ಒರೆಸಿಕೊಳ್ಳುತ್ತ ನಕ್ಕೆ.

ಅಂದಿನಿಂದ ತುಂಬಿದ ಬಾಟಲಿಯಿಲ್ಲದೆ ಮನೆಯಿಂದ ಹೊರಬೀಳಲಿಲ್ಲ. ಕಪ್ಪು, ಕಡುನೀಲಿ ಬಟ್ಟೆಗಳನ್ನೇ ಹಾಕಿಕೊಂಡೆ. ನಾಲ್ಕು ತಿಂಗಳು ಹೀಗೆ ನಡೆಯಿತು. ಕೊನೆಗೆ ಆಳಂದದ ಬಸ್ ನಿಲ್ದಾಣದಲ್ಲಿ ಮೆಟ್ಟಿಲಿಳಿಯುವಾಗ ಬಿದ್ದೆ. ಅಪ್ಪ ಅಂದೇ ತಲೆಯ ಸ್ಕ್ಯಾನ್ ಮಾಡಿಸಿದರು. ಆಪರೇಷನ್ ಆಗಬೇಕು ಎಂದರು ಅಲ್ಲಿನ ಡಾಕ್ಟರು.

"ಕಲಬುರ್ಗಿ ಬ್ಯಾಡ" ಎಂದಳು ಅವ್ವ. "ಅಲ್ಲಿ ವಾರ್ಡಿಗೊಬ್ರು ಗುರ್ತಿನವರು ಸಿಗ್ತಾರ. ಸೊಲ್ಲಾಪುರಕ್ಕ ಹೋಗಾಮಿ."

ಆ ಹೊತ್ತಿಗೆ ಜೇವರ್ಗಿಯ ಒಬ್ಬ ಉಪನ್ಯಾಸಕರ ಮನೆಯಿಂದ ನನ್ನನ್ನು ಕೇಳಿಕೊಂಡು ಬಂದಿದ್ದರು. ಅವ್ವ ಸೊಲ್ಲಾಪುರ ಎಂದದ್ದಕ್ಕೆ ಅದೇ ಕಾರಣ. ನಾನೂ ಸುಮ್ಮನೆ ಒಪ್ಪಿದೆ. ಓಣಿಯವರಿಗೆ ನೆಂಟರ ಮನೆಗೆ ಎಂದು ಹೇಳಿ ಹೊರಟೆವು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಬೆಂಚಿನ ಉದ್ದಕ್ಕೂ ಮಕ್ಕಳಿದ್ದರು. ನನ್ನಷ್ಟು ದೊಡ್ಡವರು ಒಬ್ಬಿಬ್ಬರು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ನನ್ನನ್ನು ನೋಡಿ, "ನಿನ್ನ ಕೂಸು ಎಲ್ಲಿ ಅದ ಯವ್ವಾ?" ಎಂದು ಕೇಳಿದಳು. ಪೇಷಂಟು ನಾನೇ ಎಂದೆ. ಅವಳು ತನ್ನ ಗಂಟಿನಿಂದ ಒಂದು ಶೇಂಗಾ ಹೋಳಿಗೆ ತೆಗೆದು ನನ್ನ ಕೈಗಿಟ್ಟಳು. ಅರ್ಧ ತಿಂದೆ. ಆಪರೇಷನ್ನಿನ ಹಿಂದಿನ ದಿನಗಳಲ್ಲಿ ನನಗೆ ರುಚಿಸಿದ್ದು ಅದೊಂದೇ.

ನನ್ನ ಕೇಸು ನೋಡುತ್ತಿದ್ದ ಡಾಕ್ಟರು ಇನ್ನೂ ಚಿಕ್ಕವರು. ಸೊಲ್ಲಾಪುರದ್ದೇ ಕನ್ನಡ. ಅಪ್ಪ ಮಾಸ್ತರಿಕೆಯ ದನಿಯಲ್ಲಿ, "ಇದು ಯಾಕ ಬಂತ್ರಿ? ಕಾರಣ ಏನು?" ಎಂದು ಕೇಳಿದರು.

"ಖರೇ ಹೇಳ್ತೇನ್ರಿ ಸರ್, ಗೊತ್ತಿಲ್ಲ" ಎಂದರು ಡಾಕ್ಟರು. "ನೀರು ಹರಿಯೋ ದಾರಿ ಹುಟ್ಟಿನಿಂದನೇ ಸಣ್ಣದಿರಬಹುದು. ಸಣ್ಣಾಕಿ ಇದ್ದಾಗ ಮಿದುಳಿಗೆ ಜ್ವರ ಏರಿರಬಹುದು. ಭಾಳ ಮಂದೀದು ಕಾರಣನೇ ಸಿಗಂಗಿಲ್ಲ. ಅದನ್ನೇ ಹುಡುಕಾಕತ್ತೇವಿ. ಯಾರಿಗೆ ಯಾಕ ಬರ್ತದ, ಹಾಕಿದ ನಳಿಕಿ ಯಾರದು ಯಾಕ ಕಟ್ಟಿಕೊಳ್ತದ, ಎಷ್ಟು ತಡಾ ಆದ್ರ ಏನು ಹಾನಿ. ನಿಮ್ಮ ಮಗಳು ಒಪ್ಪಿದ್ರ ಆಕಿ ಮಾಹಿತೀನೂ ತಗೋತೇವಿ. ಹೆಸರು ಎಲ್ಲೂ ಬರಂಗಿಲ್ಲ."

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ಅಪ್ಪ ಬಹಳ ಮೆಚ್ಚಿದರು. ನಾನು ಸಹಿ ಮಾಡಿದೆ. ಇಂಗ್ಲಿಷಿನಲ್ಲಿದ್ದ ಎಂಟು ಪುಟಗಳ ಪ್ರಶ್ನಾವಳಿಯನ್ನು ನಾನೇ ತುಂಬಿದೆ. ಮೂತ್ರದ ಹಿಡಿತ ತಪ್ಪುತ್ತಿತ್ತೇ ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಅವ್ವ ಪಕ್ಕದಲ್ಲಿ ಕೂತಿದ್ದಳು, ಅವಳಿಗೆ ಇಂಗ್ಲಿಷ್ ಬರುವುದಿಲ್ಲ; ಆದರೂ ಹಾಗೆ ಬರೆದೆ. ಚಿಕಿತ್ಸೆಗೆ ಬರಲು ತಡವಾದ ಕಾರಣ ಎಂಬಲ್ಲಿ 'ದೂರ' ಎಂದು ಬರೆದೆ. ಮಟಕಿಯಿಂದ ಸೊಲ್ಲಾಪುರ ಒಂದು ಬೆಳಗಿನ ಪ್ರಯಾಣ. ಉತ್ತರ ಕೊಡುವವರು ಸುಳ್ಳು ಹೇಳಿದರೆ ಅಂಕಿಗಳು ಹೇಗೆ ಕೆಡುತ್ತವೆ ಎಂದು ಪ್ರತಿ ವರ್ಷ ಎರಡನೆಯ ಸೆಮಿಸ್ಟರಿನಲ್ಲಿ ಪಾಠ ಮಾಡುವವಳು ನಾನು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ವಾಂತಿ ನಿಂತಿತು. ಮೂರನೆಯ ದಿನ ವಾರ್ಡಿನ ಈ ತುದಿಯಿಂದ ಆ ತುದಿಗೆ ಗೋಡೆ ಮುಟ್ಟದೆ ನಡೆದೆ. ಅಪ್ಪ ಹಿಂದೆ ಹಿಂದೆಯೇ ಬಂದರು, ಕೈ ಚಾಚಿಕೊಂಡು, ಸೈಕಲ್ ಕಲಿಸುವಾಗ ಬಂದ ಹಾಗೆ.

ಈಗ ಹೇಳಬೇಕಾದ ಮಾತು. ಆಸ್ಪತ್ರೆಯಲ್ಲಿ ನನ್ನ ತಲೆಯ ಬಲಭಾಗವನ್ನಷ್ಟೇ ಬೋಳಿಸಿದ್ದರು. ಎಡಗಡೆ ಜಡೆ ಹಾಗೇ ಉಳಿದಿತ್ತು. ಹೊಲಿಗೆ ಬಿಚ್ಚಿ ಮನೆಗೆ ಬಂದ ದಿನ ಅವ್ವ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಅಪ್ಪನ ದಾಡಿ ಬ್ಲೇಡು ತೆಗೆದಳು.

"ಅರ್ಧ ತಲಿ ನೋಡಿದ್ರ ಮಂದಿ ದವಾಖಾನಿ ಅಂತಾರ. ಪೂರಾ ತಗದ್ರ ಹರಕಿ ಅಂತಾರ. ಘತ್ತರಗಿ ಭಾಗ್ಯವಂತಿಗೆ ಮುಡಿ ಕೊಟ್ಟು ಬಂದೇವಿ ಅಂತ ಹೇಳಾಮಿ."

ನಮ್ಮ ಮನೆಯಲ್ಲಿ ಅಜ್ಜನ ಕಾಲಕ್ಕೇ ದೇವರ ಜಗಲಿ ತೆಗೆದು ಬುದ್ಧನ ಪಟ ಇಟ್ಟಿದ್ದಾರೆ. ಹರಕೆ, ಮುಡಿ, ಉಪವಾಸ ಯಾವುದೂ ಇಲ್ಲ. ಅಪ್ಪ ಬಚ್ಚಲ ಬಾಗಿಲ ಹೊರಗೆ ನಿಂತು, "ಇಷ್ಟು ಮಾಡಬ್ಯಾಡ" ಎಂದರು.

"ನಿಮ್ಮ ವಿಜ್ಞಾನ ಸಾಲ್ಯಾಗ ಹೇಳ್ರಿ" ಎಂದಳು ಅವ್ವ ಒಳಗಿನಿಂದ. "ಮಗಳ ಲಗ್ನ ನಾ ಮಾಡಬೇಕು."

ಅವ್ವ ಬಲವಂತ ಮಾಡಿದಳು ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಮಣೆಯ ಮೇಲೆ ನಾನೇ ಕೂತೆ, ನಾನೇ ತಲೆ ಬಗ್ಗಿಸಿದೆ.

ಮರುದಿನ ಓಣಿ ಏಳುವ ಮೊದಲೇ ಅವ್ವ ಒಬ್ಬಳೇ ಬಸ್ಸು ಹತ್ತಿ ಘತ್ತರಗಿಗೆ ಹೋಗಿ, ಭೀಮೆಯ ದಂಡೆಯಲ್ಲಿ ಕೈಕಾಲು ತೊಳೆದು, ದೇವಿಯ ಗುಡಿಯಿಂದ ಕುಂಕುಮ ಮತ್ತು ಕಾಯಿಯ ಹೋಳುಗಳನ್ನು ತಂದು ಓಣಿಗೆಲ್ಲ ಹಂಚಿದಳು. ಓಣಿ ಹಿಗ್ಗಿತು. "ಮಾಸ್ತರನ್ನೂ ತಾಯಿ ತನ್ನ ಕಡಿ ಕರ್ಕೊಂಡಳು ನೋಡ್ರಿ" ಎಂದು ನಾಲ್ಕು ಮನೆ ಆಚೆಯ ನಾಗಮ್ಮ ಅಪ್ಪನ ಎದುರೇ ನಕ್ಕಳು. ಅಪ್ಪ ಪೇಪರ್ ಮುಖಕ್ಕೆ ಹಿಡಿದುಕೊಂಡರು. ಜೇವರ್ಗಿಯವರೂ ಬಂದು ಸ್ಕಾರ್ಫ್ ಕಟ್ಟಿದ ನನ್ನ ತಲೆ ನೋಡಿದರು. "ಈಗಿನ ಕಾಲದಾಗ ಓದಿದ ಹುಡುಗೇರು ಯಾರು ಕೂದಲಾ ಕೊಡ್ತಾರ್ರಿ!" ಎಂದು ಹುಡುಗನ ತಾಯಿ ಸಂತೋಷಪಟ್ಟರು. ನಾನು ಚಹಾ ಕೊಟ್ಟೆ.

ಎರಡು ತಿಂಗಳಾಯಿತು. ಒಂದಂಗುಲ ಕೂದಲು ಬಂದಿತ್ತು. ಆಗ ನಾಗಮ್ಮನ ಮಗಳು ಸುವರ್ಣಾ, ಗಂಡನ ಊರು ಕೊಳಕೂರದಿಂದ, ಆರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕೂಸಿನ ಹೆಸರು ಪಲ್ಲವಿ. ಬಂದ ವಾರದಲ್ಲೇ ಅವ್ವ ಅಂಗನವಾಡಿಯಲ್ಲಿ ಅದನ್ನು ತೂಕಕ್ಕೆ ಹಾಕಿದ್ದಳು, ತಲೆಯ ಅಳತೆಯನ್ನೂ ಕಾರ್ಡಿನಲ್ಲಿ ಬರೆದಿದ್ದಳು. ಮುಂದಿನ ತಿಂಗಳು ಮತ್ತೆ ಅಳೆದವಳು ತಾಯಿಮಗಳಿಬ್ಬರನ್ನೂ ನಮ್ಮ ಮನೆಗೇ ಕರೆದುಕೊಂಡು ಬಂದಳು. ನಾನು ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪರದೆಯಾಚೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಗಮ್ಮ, ಒಂದ್ ತಿಂಗಳದಾಗ ತಲಿ ಭಾಳ ಬೆಳದದ. ಇದು ಬರೋಬ್ಬರಿ ಇಲ್ಲ. ನಾಳೆನೇ ದೊಡ್ಡ ದವಾಖಾನಿಗೆ ಒಯ್ಯಿರಿ."

"ಜಾವಳ ಆಗಿಲ್ರಿ ಟೀಚರ" ಎಂದಳು ನಾಗಮ್ಮ. ನಮ್ಮ ಕಡೆ ಕೂಸಿನ ಹುಟ್ಟುಗೂದಲು ತೆಗೆಸುವುದಕ್ಕೆ ಜಾವಳ ಎನ್ನುತ್ತಾರೆ. ಅದು ದೇವರ ಮುಂದೆ ಆಗುವ ತನಕ ತಲೆಗೆ ಕತ್ತಿ ತಾಗಿಸುವುದಿಲ್ಲ. "ದವಾಖಾನ್ಯಾಗ ಮೊದಲ ತಲಿನೇ ಬೋಳಸ್ತಾರ. ಬರೋ ಅಮಾಸಿಗಿ ಘತ್ತರಗಿಗಿ ಹೋಗಿ ಜಾವಳ ತಗಸ್ತೇವಿ. ಆಮ್ಯಾಲ ನೋಡಾಮಿ."

"ಅಮಾಸಿ ಇನ್ನ ಮೂರು ವಾರ ಅದ ಬೇ!"

"ಯಾಕ್ರಿ ಟೀಚರ, ನಿಮ್ಮ ಮಗಳಿಗಿ ತಲಿ ಬ್ಯಾನಿ ಬಂದಾಗ ನೀವು ಯಾವ ದೊಡ್ಡ ದವಾಖಾನಿಗಿ ಒಯ್ದಿರಿ? ಕೂದಲಾ ಕೊಟ್ಟಿರಿ, ಎದ್ದು ಅಡ್ಡಾಡಾಕತ್ತಾಳ. ದೇವರ ನಂಬದ ಮನಿಯವರಿಗೇ ಕೈ ಹಿಡದಾಳ ತಾಯಿ. ನಮ್ಮ ಕೂಸಿನ ಕೈ ಬಿಡತಾಳೇನು?"

ಅವ್ವ ಅಳತೆಯ ಟೇಪನ್ನು ಸುತ್ತುವ ಸದ್ದು ಕೇಳಿತು. ಬಹಳ ಹೊತ್ತು ಸುತ್ತಿದಳು. ನಾನು ಕೈಯಲ್ಲಿದ್ದ ಪತ್ರಿಕೆಗೆ ಅಂಕ ಹಾಕಿ, ಮುಂದಿನದನ್ನು ತೆಗೆದುಕೊಂಡೆ.

ಅವರು ಹೋದ ಮೇಲೆ ಅವ್ವ ಒಳಗೆ ಬಂದು ಗೋಡೆಗೆ ಒರಗಿ ನಿಂತಳು. "ಜೇವರ್ಗಿಯವರು ತಾರೀಖು ಹಿಡೀಲಾಕ ಬರ್ತಾರ. ಅದೊಂದು ಆಗಲಿ. ನಾ ಮತ್ತೊಮ್ಮೆ ನಾಗಮ್ಮಗ ತಿಳಿಸಿ ಹೇಳ್ತೇನಿ." ಹ್ಞೂಂ ಎಂದೆ. ಆಮೇಲೆ ಅವಳು ಎರಡು ಸಲ ಅವರ ಮನೆಗೆ ಹೋಗಿ ಹೇಳಿದಳು. ಎರಡು ಸಲವೂ ಅದೇ ಉತ್ತರ.

ಆ ದಿನಗಳಲ್ಲಿ ನಾನೇನು ಮಾಡಿದೆ ಎಂದು ನೀವು ಕೇಳಬಹುದು. ಓದಿದೆ. ಫೋನಿನಲ್ಲಿ ಕೂಸುಗಳ ಹೈಡ್ರೋಸೆಫಲಸ್ ಬಗ್ಗೆ ಸಿಕ್ಕ ಸಂಶೋಧನಾ ಲೇಖನಗಳನ್ನೆಲ್ಲ, ಅವುಗಳ ಕೋಷ್ಟಕಗಳನ್ನು ಕೂಡ, ಬಿಡದೆ ಓದಿದೆ. ಕಾರಣದ ಬಗ್ಗೆ ಅವರಲ್ಲಿ ಒಮ್ಮತವಿರಲಿಲ್ಲ. ತಡ ಮಾಡಬಾರದು ಎಂಬುದರ ಬಗ್ಗೆ ಇತ್ತು. ಓದಿ ಮುಗಿಸಿ ಫೋನನ್ನು ದಿಂಬಿನ ಕೆಳಗೆ ಇಡುತ್ತಿದ್ದೆ. ಕೂಸು ನಾಲ್ಕು ಮನೆ ಆಚೆ ಅಳುತ್ತಿತ್ತು. ಅದರ ಅಳು ಸಣ್ಣದಾಗಿ, ಕೀರಲಾಗಿ, ಬಿಟ್ಟುಬಿಟ್ಟು ಕೇಳುತ್ತಿತ್ತು.

ಹದಿನೇಳನೆಯ ದಿನ ಬೆಳಿಗ್ಗೆ ನಳದ ಹತ್ತಿರ ಸುವರ್ಣಾ ಸಿಕ್ಕಳು. ಕೂಸು ಹೆಗಲ ಮೇಲಿತ್ತು. ನನ್ನೆದುರೇ ಅದು ಅವಳ ಸೆರಗಿನ ಮೇಲೆ ವಾಂತಿ ಮಾಡಿತು. ಕಣ್ಣುಗಳು ಕೆಳಗಿಳಿದಿದ್ದವು, ಕಣ್ಣಗೊಂಬೆಯ ಮೇಲೆ ಬಿಳಿ ಕಾಣುತ್ತಿತ್ತು. ಸುವರ್ಣಾ ಸೆರಗು ತೊಳೆಯುತ್ತ, ನಾಚಿಕೊಂಡೇ ಕೇಳಿದಳು:

"ಅಕ್ಕಾ, ಒಂದ್ ಮಾತು ಕೇಳತೇನಿ. ಕೂದಲಾ ಕೊಟ್ಟ ಮ್ಯಾಲ ನಿನಗ ಎಷ್ಟು ದಿನಕ್ಕ ವಾಂತಿ ನಿಂತಿತು?"

ಅವಳು ದಿನ ಎಣಿಸುತ್ತಿದ್ದಳು. ಅಮಾವಾಸ್ಯೆಗೆ ನಾಲ್ಕು, ಆಮೇಲೆ ನಾನು ಹೇಳಿದಷ್ಟು.

"ಆಪರೇಷನ್ ಆದ ಮರುದಿನ" ಎಂದೆ.

"ಅಂದ್ರ?"

ನಾನು ಸ್ಕಾರ್ಫ್ ಬಿಚ್ಚಿದೆ. ನಳಕ್ಕೆ ಬಂದ ಮೂರು ನಾಲ್ಕು ಹೆಂಗಸರು ನೋಡುತ್ತಿದ್ದರು. ಸುವರ್ಣಾಳ ಒದ್ದೆ ಕೈ ಹಿಡಿದು, ಅವಳ ಬೆರಳನ್ನು ನನ್ನ ಕಿವಿಯ ಹಿಂದಿನ ಉಬ್ಬಿನ ಮೇಲೆ ಇಟ್ಟೆ. ಅವಳು ಹಾವು ಮುಟ್ಟಿದವಳಂತೆ ಕೈ ಎಳೆದುಕೊಂಡಳು. ನಂತರ ತಾನಾಗಿಯೇ ಮತ್ತೆ ಮುಟ್ಟಿದಳು. ಅಲ್ಲಿಂದ ಕುತ್ತಿಗೆಯ ಗುಂಟ ನಳಿಕೆಯನ್ನು ಹುಡುಕುತ್ತ ಬೆರಳು ಇಳಿಸಿದಳು.

"ಇದು ಹೊಟ್ಟಿ ತನಕ ಅದ" ಎಂದೆ. "ಇದರಿಂದ ನಾ ಗುಣ ಆದೆ. ಘತ್ತರಗಿಗೆ ನಾ ಹೋಗೇ ಇಲ್ಲ."

ಅವಳ ಮನೆಯೊಳಗೆ ಹೋಗಿ ಹೊಟ್ಟೆಯ ಗಾಯವನ್ನೂ ತೋರಿಸಿದೆ. ನಾಗಮ್ಮ ನೋಡಿದಳು. ಅವಳ ಮುಖ ಕೆಂಪಾಯಿತು.

"ತಾಯಿ ಹೆಸರಿಲೆ ಸುಳ್ಳ ಹೇಳಿದ್ರೇನು ಬೇ? ನಂಬದಿದ್ರ ಬಿಡ್ರಿ, ಯಾರು ಬ್ಯಾಡ ಅಂದಾರ? ನಂಬೋರ ಕುತಗಿ ಯಾಕ ಕೊಯ್ತೀರಿ? ಆ ಕೂದಲಾ ಎಲ್ಲಿ ಒಗದ್ರಿ ಮತ್ತ?"

"ಅರ್ಧ ದವಾಖಾನಿ ಡಬ್ಬ್ಯಾಗ, ದೊಡ್ಡವ್ವಾ. ಇನ್ನರ್ಧ ನಮ್ಮ ಬಚ್ಚಲದಾಗ."

"ಇಷ್ಟ ದಿನ ಒಳಗ ಕುಂತು ಕೇಳಾಕತ್ತಿದ್ಯೇನು ನೀ? ಓದಿದಾಕಿ!"

ಹೌದು ಎಂದೆ. ಸುವರ್ಣಾ ಆಗಲೇ ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದ್ದಳು.

ಮರುದಿನ ಸೊಲ್ಲಾಪುರದ ಮೊದಲ ಬಸ್ಸಿಗೆ ಹೊರಟೆವು. ಸುವರ್ಣಾ, ನಾಗಮ್ಮ, ಸುವರ್ಣಾಳ ಅಣ್ಣ ಮತ್ತು ನಾನು. ಅಪ್ಪ ನಾವು ಕರೆಯದೆಯೇ ಚೀಲ ಹಿಡಿದು ಬಂದು ನಿಂತಿದ್ದರು. ಅವ್ವ ಬಸ್ಸಿನ ಕಿಟಕಿಗೆ ಕೂಸಿನ ಕಾರ್ಡ್ ತಂದುಕೊಟ್ಟಳು. ಎರಡೂ ಅಳತೆ, ಎರಡೂ ತಾರೀಖು ದುಂಡಗೆ ಬರೆದಿದ್ದಳು. ನಾಗಮ್ಮ ಅವಳ ಮುಖ ನೋಡದೆ ಇಸಿದುಕೊಂಡಳು.

ಆಪರೇಷನ್ನಿನ ಹೊತ್ತಿಗೆ ಮರಾಠಿ ನರ್ಸ್ ಒಬ್ಬರು ಕೂಸಿನ ತಲೆ ಬೋಳಿಸಲು ಬಂದರು. ನಾಗಮ್ಮ ತೊಟ್ಟಿಲಿಗೆ ಅಡ್ಡ ನಿಂತಳು. ನರ್ಸಿಗೆ ನಾನು ವಿವರಿಸಬೇಕಾಗಲಿಲ್ಲ. "ಜಾವಳ ಕಾ?" ಎಂದು ಅವರೇ ಮರಾಠಿಯಲ್ಲಿ ಕೇಳಿ, ಕತ್ತರಿಯನ್ನು ಸುವರ್ಣಾಳ ಅಣ್ಣನ ಕೈಗೆ ಕೊಟ್ಟರು. ಮೊದಲ ಕೂದಲು ಸೋದರಮಾವ ಕತ್ತರಿಸಿದ. ಉಳಿದದ್ದನ್ನು ಅವರು ತೆಗೆದು, ಒಂದೆಳೆಯೂ ಕೆಳಗೆ ಬೀಳದಂತೆ ಗಾಯಕ್ಕೆ ಕಟ್ಟುವ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ನಾಗಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅದು ಆಮೇಲೆ ನಿಜವಾಗಿಯೂ ಘತ್ತರಗಿಗೆ ಹೋಯಿತು.

ಇಷ್ಟು ಸುಲಭವಿತ್ತು. ಹದಿನೇಳು ದಿನ ಮೊದಲೇ ಯಾರಾದರೂ ಹೋಗಿ ಕೇಳಿದ್ದರೆ ಆಗುತ್ತಿತ್ತು.

ಕೂಸಿಗೂ ನನ್ನಂಥದೇ ನಳಿಕೆ ಹಾಕಿದರು. ನಾಲ್ಕನೆಯ ದಿನ ಅದೇ ಚಿಕ್ಕ ವಯಸ್ಸಿನ ಡಾಕ್ಟರು ಅದೇ ಎಂಟು ಪುಟ ಹಿಡಿದು ಬಂದರು. ಸುವರ್ಣಾ ಒಪ್ಪಿ ಹೆಬ್ಬೆಟ್ಟು ಒತ್ತಿದಳು. ಪ್ರಶ್ನೆಗಳನ್ನು ಕನ್ನಡದಲ್ಲಿ ಅವಳಿಗೆ ಹೇಳಿ ಉತ್ತರ ಬರೆಯುವ ಕೆಲಸ ನನ್ನದಾಯಿತು. ಹೆರಿಗೆ ಎಲ್ಲಾಯಿತು, ಕೂಸು ಕೂಡಲೇ ಅತ್ತಿತೇ, ಜ್ವರ ಬಂದಿತ್ತೇ. ಅವಳು ಒಂದೊಂದನ್ನೂ ಯೋಚಿಸಿ ಹೇಳಿದಳು. ಏಳನೆಯ ಪುಟದಲ್ಲಿ ನಾನು ನಿಂತುಬಿಟ್ಟೆ.

"ಏನ್ ಕೇಳ್ಯಾರ ಅಕ್ಕಾ?"

"ದವಾಖಾನಿಗೆ ಬರಾಕ ತಡಾ ಯಾಕ ಆಯ್ತು ಅಂತ."

ಸುವರ್ಣಾ ನಿದ್ದೆಯಲ್ಲಿದ್ದ ಕೂಸನ್ನು ನೋಡಿದಳು. ಆಮೇಲೆ ನನ್ನನ್ನು. "ದೂರ ಆಯ್ತು ಅಂತ ಬರಿ" ಎಂದಳು. "ನಿನ್ನ ಲಗ್ನ ಇನ್ನ ಆಗಬೇಕು. ಸುಮ್ನ ದೂರ ಅಂತ ಬರಿ."

ನಾಗಮ್ಮ ಬೈದಾಗ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ನಾನು ಬರೆದೆ: ಕೂದಲಿನ ಹರಕೆಯಿಂದ ಇದೇ ಕಾಯಿಲೆ ಗುಣವಾಯಿತು ಎಂದು ನೆರೆಮನೆಯವರು ಸುಳ್ಳು ಹೇಳಿದ್ದರಿಂದ, ಹದಿನೇಳು ದಿನ. ಬರೆದದ್ದನ್ನು ಸುವರ್ಣಾಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಡಾಕ್ಟರು ಪುಟ ನೋಡಿ ತಲೆಯೆತ್ತಿದರು.

"ಈ ನೆರೆಮನಿಯವರು ಯಾರ್ರಿ?"

"ನಾನ್ರಿ. ನನ್ನ ಹಳೆ ಫಾರ್ಮೂ ತರ್ರಿ. ಅದ್ರಾಗ ಎರಡು ಉತ್ತರ ಸುಳ್ಳು ಅದಾವ."

ಹಳೆಯದನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ತಾರೀಖು ಹಾಕಿ ಬರೆಯಿರಿ ಎಂದರು. ಬರೆದೆ. ಬಾಟಲಿಯ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಈ ಕಾಯಿಲೆಯವರು ಭಾಳ ಮಂದಿ ಅದಕ್ಕ 'ಇಲ್ಲ' ಅಂತನೇ ಬರೀತಾರ್ರಿ" ಎಂದರು ಅವರು. ನಾಲ್ಕು ತಿಂಗಳು ನಾನೊಬ್ಬಳೇ ಎಂದುಕೊಂಡಿದ್ದೆ. ಇದನ್ನು ಓದುತ್ತಿರುವ ಯಾರ ಕೈಯಲ್ಲಾದರೂ ಈಗ ಅಂಥ ಬಾಟಲಿ ಇದ್ದರೆ, ಈ ಒಂದು ಮಾತು ಅವರಿಗಾಗಿ ಬರೆದದ್ದು.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಜೇವರ್ಗಿ ಮುಟ್ಟಿತ್ತು. ಅವರು ಜಗಳವಾಡಲಿಲ್ಲ, ಫೋನ್ ಮಾಡುವುದನ್ನು ನಿಲ್ಲಿಸಿದರು. ಅವ್ವ ಕೆಲವು ದಿನ ಮಾತು ಬಿಟ್ಟಳು. ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ಆ ಗಾಯದ ಗೆರೆಯ ಮೇಲೆ ಬೆರಳು ನಿಲ್ಲಿಸಿ, "ಬ್ಲೇಡ್ ನನ್ನ ಕೈಯಾಗ ಇತ್ತು" ಎಂದಳು. ಅಷ್ಟೇ.

ಪಲ್ಲವಿಗೆ ಈಗ ಎರಡು ವರ್ಷ ತುಂಬಿದೆ. ತಡವಾಗಿ ಕೂತಳು, ತಡವಾಗಿ ನಿಂತಳು, ಈಗ ಗೋಡೆ ಹಿಡಿದು ನಡೆಯುತ್ತಾಳೆ. ಎಡಗಣ್ಣು ಮಂದ. ಅದರಲ್ಲಿ ಆ ಹದಿನೇಳು ದಿನಗಳ ಪಾಲೆಷ್ಟು ಎಂದು ಕೇಳಿದ್ದೆ. ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಒಂದೇ ಕೂಸಿನಿಂದ ಅದನ್ನು ತಿಳಿಯಲಾಗದು ಎಂದು ನನಗೂ ಗೊತ್ತು, ಅದನ್ನೇ ಕಲಿಸುತ್ತೇನೆ. ಆದರೂ ಅವಳು ಆಟಿಕೆಗೆ ಕೈ ಚಾಚಿ ಒಂದಿಷ್ಟು ಪಕ್ಕಕ್ಕೆ ಹಿಡಿದಾಗ ನಾನು ಬೇರೆ ಕಡೆ ನೋಡುತ್ತೇನೆ.

ಸುವರ್ಣಾ ತವರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾಳೆ. ಒಂದು ಕೈಯ ಬೆರಳನ್ನು ಮಗಳ ಕಿವಿಯ ಹಿಂದೆ ಇಡುತ್ತಾಳೆ, ಇನ್ನೊಂದನ್ನು ನನ್ನ ಕಿವಿಯ ಹಿಂದೆ. ಮೆಲ್ಲಗೆ ಒತ್ತಿ ನೋಡುತ್ತಾಳೆ. ಹೀಗೆ ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ಹೇಳಿದ್ದೇನೆ. ಅವಳು ಬಿಟ್ಟಿಲ್ಲ.

"ಎರಡೂ ಒಂದೇ ಸಮ ಅದಾವ ನೋಡಕ್ಕಾ" ಎನ್ನುತ್ತಾಳೆ.

ಅವಳಿಗೆ ಅನುಕೂಲವಾಗಲೆಂದು ನಾನು ತಲೆ ಬಗ್ಗಿಸಿ ಕೂರುತ್ತೇನೆ. ಅವಳು ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೇ ಇರುತ್ತೇನೆ.